ಒಂಬತ್ತರ ಲೆಕ್ಕ

ನಮ್ಮ ಮನೆಯ ಅಂಬಾಸಡರ್‌ಗೆ ಟ್ಯಾಪೆಟ್ ಸೆಟ್ಟಿಂಗ್ ಮಾಡುವ ದಿನ ನನಗೂ ಒಂದು ಕೆಲಸ ಸಿಗುತ್ತಿತ್ತು. ಮೇಸ್ತ್ರಿ ಎಂಜಿನ್ನಿನ ಮೇಲಿನ ತಗಡಿನ ಮುಚ್ಚಳ ತೆಗೆದರೆ ಒಳಗೆ ಎಂಟು ರಾಕರ್‌ಗಳು ಎಣ್ಣೆಯಲ್ಲಿ ಮಿಂದು ಸಾಲಾಗಿ ಕೂತಿರುತ್ತಿದ್ದವು. ಅವರು ಮುಂದಿನಿಂದ ಹ್ಯಾಂಡಲ್ ತೂರಿಸಿ ಎಂಜಿನ್ನನ್ನು ಅಷ್ಟಷ್ಟೇ ತಿರುಗಿಸುವರು. ಒಂದು ವಾಲ್ವ್ ಪೂರ್ತಿ ಕೆಳಗೆ ಒತ್ತಿಕೊಂಡಿತು ಅನ್ನಿಸಿದಾಗ ಕೈ ನಿಲ್ಲಿಸಿ, “ಯಾವ್ದು ಹೇಳಪ್ಪಾ?” ಎನ್ನುವರು. ನಾನು ಮುಂದಿನಿಂದ ಎಣಿಸಿ, “ಎಂಟನೇದು ಮೇಸ್ತ್ರಿ” ಎಂದರೆ ಫೀಲರ್ ಗೇಜಿನ ಎಲೆ ಒಂದನೆಯ ವಾಲ್ವಿಗೆ ಹೋಗುತ್ತಿತ್ತು. ಮೂರು ಎಂದರೆ ಆರಕ್ಕೆ, ಐದು ಎಂದರೆ ನಾಲ್ಕಕ್ಕೆ. ಎರಡನ್ನೂ ಕೂಡಿಸಿದರೆ ಒಂಬತ್ತೇ ಬರಬೇಕು. ಒಂದು ವಾಲ್ವ್ ಪೂರ್ತಿ ತೆರೆದಾಗ ಅದರ ಜೋಡಿ ಪೂರ್ತಿ ಮುಚ್ಚಿರುತ್ತದೆ, ಆಗ ಮಾತ್ರ ಸಂದು ಅಳೆಯಬಹುದು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಆಗ ಅದು ನನ್ನ ಪಾಲಿಗೆ ಮಗ್ಗಿಯಷ್ಟೇ ಗಟ್ಟಿಯಾದ ಲೆಕ್ಕ.

ಬೆಂಗಳೂರಿನಲ್ಲಿ ಗೆಳೆಯರೊಬ್ಬರ ಮನೆಯ ಶೆಡ್ಡಿನಲ್ಲಿ 1965ರ ಎಂಜಿಬಿ ಇದೆ. ಎಷ್ಟೋ ಕೈ ದಾಟಿ ಬಂದ, ಎರಡೇ ಸೀಟಿನ, ಮಡಚುವ ಬಟ್ಟೆ ಟಾಪಿನ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಅವರು ಬಾನೆಟ್ ಎತ್ತಿದ ದಿನ ನಾನು ಅಪರಿಚಿತ ಯಂತ್ರವೊಂದನ್ನು ನೋಡಲು ಸಿದ್ಧನಾಗಿದ್ದೆ. ಕಂಡದ್ದು ನಮ್ಮ ಮನೆಯ ಎಂಜಿನ್. ಅದೇ ಉದ್ದನೆಯ ಎರಕದ ಬ್ಲಾಕ್, ಅದೇ ತಗಡಿನ ಮುಚ್ಚಳ, ಅದರ ಮೇಲೆ ಅವೇ ಎರಡು ನಟ್ಟು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ನಾಲ್ಕನೇ ಗೇರಿಗೆ ಹಾಕಿ, ಕಾರನ್ನು ಗೇಣುಗೇಣು ತಳ್ಳಿ ಎಂಜಿನ್ ತಿರುಗಿಸಿದೆವು. ಎಂಟಕ್ಕೆ ಒಂದು, ಮೂರಕ್ಕೆ ಆರು. ಲೆಕ್ಕ ಒಂದು ಕಡೆಯೂ ತಪ್ಪಲಿಲ್ಲ.

ಇದು ಕಾಕತಾಳೀಯವಲ್ಲ. 1952ರಲ್ಲಿ ಆಸ್ಟಿನ್ ಮತ್ತು ಮೋರಿಸ್ ಬಳಗಗಳು ಒಂದಾಗಿ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ ಆಯಿತು. ಅದರ ಮನೆಯೊಳಗೆ ‘ಬಿ ಸೀರೀಸ್’ ಎಂಬ ಎಂಜಿನ್ ವಂಶವೊಂದು ಬೆಳೆಯಿತು. ಆ ವಂಶದ 1489 ಸಿಸಿ ಎಂಜಿನ್ ಕುಟುಂಬದ ಕಾರುಗಳಿಗೂ ಹೋಯಿತು, 1955ರಲ್ಲಿ ಬಂದ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿಗೂ ಹೋಯಿತು. ಅದೇ 1489 ಸಿಸಿ ಎಂಜಿನ್ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಡರ್‌ಗೆ ಬಂದು ದಶಕಗಳ ಕಾಲ ನಮ್ಮ ಮಂತ್ರಿಗಳನ್ನೂ ಮದುಮಕ್ಕಳನ್ನೂ ಹೊತ್ತಿತು. 1962ರಲ್ಲಿ ಎಂಜಿಬಿ ಬಂದಾಗ ಸಿಲಿಂಡರಿನ ಬೋರನ್ನು 73 ಮಿಲಿಮೀಟರಿನಿಂದ 80ಕ್ಕೆ ಹಿಗ್ಗಿಸಿ 1798 ಸಿಸಿ ಮಾಡಿದರು. ಪಿಸ್ಟನ್ ಏರಿಳಿಯುವ ದೂರ ಮಾತ್ರ ಅಂಬಾಸಡರ್‌ನದ್ದೇ: 88.9 ಮಿಲಿಮೀಟರ್. ಇಂಚಿನ ಲೆಕ್ಕದಲ್ಲಿ ಮೂರೂವರೆ.

ಸ್ಪೋರ್ಟ್ಸ್ ಕಾರು ಎಂದೊಡನೆ ಒಳಗಿರುವುದೆಲ್ಲ ಅಪರೂಪದ್ದು, ಅದನ್ನು ಮುಟ್ಟಲು ವಿಶೇಷ ಕೈಯೇ ಬೇಕು ಎಂದು ನಾವು ಭಾವಿಸುತ್ತೇವೆ. ಎಂಜಿಬಿ ಈ ಭಾವನೆಯನ್ನು ಪೂರ್ತಿ ತಿರುವಿಹಾಕುತ್ತದೆ. ಅದರ ಮೈಮಾಟ ಓಟಗಾರನದು, ಒಳಗಿನ ಕರುಳು ಸಂಸಾರಸ್ಥನದು. ಎಂಜಿನ್, ಹಿಂದಿನ ಆಕ್ಸಲ್, ಸ್ವಿಚ್ಚು, ದೀಪ, ಡೈನಮೊ ಎಲ್ಲವೂ ಆ ಕಾಲದ ಸಾಮಾನ್ಯ ಕಾರುಗಳ ಮನೆಯಿಂದಲೇ ಬಂದವು. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಸಣ್ಣ ಊರಿನಲ್ಲಿ 5 ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ಇಂದಿಗೂ ಅದರ ಬಿಡಿಭಾಗ ಸಿಗುತ್ತಿರುವುದಕ್ಕೆ ಈ ಎರಡೇ ಕಾರಣ ಸಾಕು: ಭಾಗಗಳು ಸಾಮಾನ್ಯವಾಗಿದ್ದವು, ಕಾರುಗಳು ಬಹಳ ಇದ್ದವು. ಅಂಬಾಸಡರ್‌ನ ಪ್ರತಿ ಭಾಗವೂ ಅದಕ್ಕೆ ನೇರವಾಗಿ ಕೂರುತ್ತದೆ ಎಂದಲ್ಲ. ವಾಲ್ವ್, ಪಿಸ್ಟನ್ ಎಲ್ಲ ಅಳತೆ ಬೇರೆ. ಕೂರುವುದು ಕೈಯ ಅಭ್ಯಾಸ. ಅಂಬಾಸಡರ್ ಎಂಜಿನ್ ಇಳಿಸಿ, ಬೋರ್ ಹೊಡೆಸಿ, ವಾಲ್ವ್ ಗ್ರೈಂಡಿಂಗ್ ಮಾಡಿಸಿ ಏರಿಸಿದ ಹಳೆಯ ಮೇಸ್ತ್ರಿಗೆ ಎಂಜಿಬಿಯಲ್ಲಿ ಹೊಸತಾಗಿ ಕಲಿಯುವಂಥದ್ದು ಕಡಿಮೆ. ಅಂಥ ಮೇಸ್ತ್ರಿಗಳು ನಮ್ಮಲ್ಲಿ ಇನ್ನೂ ಇದ್ದಾರೆ, ಆದರೆ ಅವರ ಮಕ್ಕಳು ಆ ಪಾನಾ ಹಿಡಿಯುತ್ತಿಲ್ಲ.

ಪಾನಾ ಎಂದೆ, ಅಲ್ಲಿಂದಲೇ ಮೊದಲ ಎಚ್ಚರಿಕೆ. ಈ ಕಾರಿನ ನಟ್ಟುಬೋಲ್ಟುಗಳು ಇಂಚಿನ ಅಳತೆಯವು. ಅರ್ಧ ಇಂಚಿನ ನಟ್ಟಿಗೆ 13 ಮಿಲಿಮೀಟರಿನ ಪಾನಾ ಕೂತಂತೆ ಕಾಣುತ್ತದೆ. ಮೊದಲ ಸಲ ತಿರುಗುತ್ತದೆ, ಮೂರನೇ ಸಲಕ್ಕೆ ನಟ್ಟಿನ ಮೂಲೆ ಸವೆದು ದುಂಡಗಾಗುತ್ತದೆ. ಆಮೇಲೆ ಉಳಿಯುವುದು ಉಳಿ ಮತ್ತು ಸುತ್ತಿಗೆ. ಹಳೆಯ ಬ್ರಿಟಿಷ್ ಕಾರು ಮನೆಗೆ ತರುವವರು ಪಾಲಿಶ್ ಡಬ್ಬಿಗಿಂತ ಮೊದಲು ಇಂಚಿನ ಪಾನಾ ಸೆಟ್ಟು ಕೊಳ್ಳಲಿ.

ಹಣ ಎಲ್ಲಿ ಸುರಿಯಬೇಕು ಎಂಬುದರಲ್ಲೇ ಹೆಚ್ಚಿನವರು ಎಡವುವುದು. ಎಂಜಿನ್ ಸದ್ದು ಮಾಡುತ್ತದೆ, ಹೊಗೆ ಉಗುಳುತ್ತದೆ, ಹಾಗಾಗಿ ಕಣ್ಣು ಅತ್ತ ಹೋಗುತ್ತದೆ. ನಿಜವಾದ ಕಾಯಿಲೆ ಸದ್ದಿಲ್ಲದೆ ಬಾಗಿಲಿನ ಕೆಳಗಿರುತ್ತದೆ. ಎಂಜಿಬಿಗೆ ಪ್ರತ್ಯೇಕ ಛಾಸಿ ಇಲ್ಲ, ಮೈಯೇ ಬೆನ್ನೆಲುಬು. ಮೇಲೆ ಸೂರೂ ಇಲ್ಲದ ಕಾರಣ, ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಜೋಡಿಸಿ ಹಿಡಿಯುವ ದೊಡ್ಡ ಹೊರೆ ಬಾಗಿಲಿನಡಿ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಹೊಸ್ತಿಲಿನ ಮೇಲೆ ಬೀಳುತ್ತದೆ. ಸಿಲ್ ಎಂದು ಅದರ ಹೆಸರು. ಹೊರಗಿನ ತಗಡು, ಒಳಗಿನ ತಗಡು, ಅವೆರಡರ ನಡುವೆ ಇನ್ನೊಂದು ಹಾಳೆ, ಅಡಿಯಲ್ಲಿ ಒಂದು ಪಟ್ಟಿ. ಚಕ್ರ ಎರಚಿದ ಕೆಸರು ಮಡ್‌ಗಾರ್ಡಿನ ಹಿಂದೆ ಸೇರಿ, ತೇವ ಒಳಗಿಳಿದು, ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತ ಬರುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತಗಡು ಮುಗಿದಿರುತ್ತದೆ. ಮಾರುವವರು ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆಸಿದರೆ ಕಣ್ಣಿಗೆ ಏನೂ ಗೊತ್ತಾಗದು. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ. ತಗಡಿಗೆ ಅಂಟುತ್ತದೆ, ಪುಟ್ಟಿಗೆ ಅಂಟುವುದಿಲ್ಲ. ಆಮೇಲೆ ಬಾಗಿಲು ಮುಚ್ಚಿ, ಅದರ ಹಿಂದಿನ ಸಂದನ್ನು ನೋಡಿ. ಕೆಳಗೆ ಅಗಲವಿದ್ದು ಮೇಲೆ ಹೋಗುತ್ತ ಕಿರಿದಾಗಿದ್ದರೆ ಕಾರು ನಡುವಿನಲ್ಲಿ ಕುಸಿದಿರಬಹುದು. ಆ ಕಾರಿಗೆ ಎಂಜಿನ್ ಎಷ್ಟು ಚೆನ್ನಾಗಿದ್ದರೂ ಬೆಲೆಯನ್ನು ಹೊಸದಾಗಿ ಲೆಕ್ಕ ಹಾಕಬೇಕು.

ಸಿಲ್ ಬದಲಾಯಿಸುವ ಕೆಲಸಕ್ಕೂ ಒಂದು ಕ್ರಮ ಇದೆ. ಅದನ್ನು ತಪ್ಪಿದರೆ ಏನಾಗುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ. ಪರಿಚಿತರೊಬ್ಬರು ತಮ್ಮ ಕಾರನ್ನು ಟಿಂಕರಿಂಗ್‌ಗೆ ಕೊಟ್ಟಿದ್ದರು. ಕೆಲಸಗಾರರು ಒಳ್ಳೆಯ ಕೈಯವರೇ; ಸಾಮಾನ್ಯ ಕಾರುಗಳ ಅಭ್ಯಾಸದಲ್ಲಿ ಕಾರನ್ನು ಎತ್ತಿ ನಿಲ್ಲಿಸಿ ಎರಡೂ ಬದಿಯ ಸಿಲ್ಲುಗಳನ್ನು ಒಟ್ಟಿಗೇ ಕತ್ತರಿಸಿಬಿಟ್ಟರು. ಹೊಸ ತಗಡು ಬೆಸೆದು, ಕಾರನ್ನು ಇಳಿಸಿ, ಬಾಗಿಲು ಮುಚ್ಚಲು ಹೋದರೆ ಬಾಗಿಲು ಕಂಬಕ್ಕೆ ಹೊಡೆದು ನಿಂತಿತು. ಕಾರು ಬಾಳೆಹಣ್ಣಿನ ಹಾಗೆ ಬಾಗಿತ್ತು, ಬಾಗಿದ ರೂಪದಲ್ಲೇ ಬೆಸುಗೆಯಾಗಿತ್ತು. ಮತ್ತೆ ಎಲ್ಲವನ್ನೂ ಕತ್ತರಿಸಬೇಕಾಯಿತು. ಕತ್ತರಿಸುವ ಮೊದಲು ಬಾಗಿಲಿನ ಖಾಲಿ ಜಾಗದಲ್ಲಿ, ಹಿಂಜಿನ ಕಂಬದಿಂದ ಬೀಗದ ಕಂಬಕ್ಕೆ ಗಟ್ಟಿ ಕಬ್ಬಿಣದ ಪಟ್ಟಿಯನ್ನು ಬೆಸೆದು ಹಿಡಿಸಬೇಕು. ಒಂದು ಬದಿ ಮುಗಿದ ಮೇಲೆಯೇ ಇನ್ನೊಂದು ಬದಿ. ತಗಡಿಗೆ ಒಂದೆರಡು ಟ್ಯಾಕ್ ಹಾಕಿದಾಗಲೆಲ್ಲ ಬಾಗಿಲು ತೂಗುಹಾಕಿ, ಮುಚ್ಚಿ ನೋಡಬೇಕು. ಈ ಕೆಲಸ ಒಪ್ಪಿಸುವಾಗ ಪಕ್ಕದಲ್ಲಿ ನಿಂತು, “ಅಣ್ಣಾ, ಮೊದಲು ಅಡ್ಡಪಟ್ಟಿ ಹಾಕಿ” ಎಂದು ಹೇಳಲು ಸಂಕೋಚಪಡಬೇಡಿ.

ತಗಡು ಪೂರ್ತಿ ಹೋದರೆ? ಇಲ್ಲಿ ಎಂಜಿಬಿಯ ಕಥೆ ಬೇರೆ ಯಾವ ಹಳೆಯ ಕಾರಿನ ಕಥೆಗಿಂತಲೂ ಸೊಗಸಾಗುತ್ತದೆ. 1980ರಲ್ಲಿ ಆಬಿಂಗ್ಡನ್ ಕಾರ್ಖಾನೆ ಬಾಗಿಲು ಹಾಕಿತು. ತಗಡನ್ನು ಅಚ್ಚೊತ್ತುವ ಭಾರೀ ಉಕ್ಕಿನ ಅಚ್ಚುಗಳು ಉಳಿದಿದ್ದವು. ಬ್ರಿಟಿಷ್ ಮೋಟರ್ ಹೆರಿಟೇಜ್ ಎಂಬ ಸಂಸ್ಥೆ ಅವುಗಳನ್ನು ಹುಡುಕಿ ಒಗ್ಗೂಡಿಸಿ, 1988ರಲ್ಲಿ ಎಂಜಿಬಿಯ ಪೂರ್ತಿ ಮೈಯನ್ನೇ ಹೊಸದಾಗಿ ತಯಾರಿಸಿ ಮಾರಾಟಕ್ಕಿಟ್ಟಿತು. ಕಾರು ನಿಂತು ಎಂಟು ವರ್ಷವಾದ ಮೇಲೆ ಅದರ ಹೊಸ ದೇಹ ಹುಟ್ಟಿತು. ಮಾಲೀಕರು ತುಕ್ಕು ತಿಂದ ಮೈಯಿಂದ ಎಂಜಿನ್, ಆಕ್ಸಲ್, ಸೀಟು ಇಳಿಸಿ ಹೊಸದಕ್ಕೆ ಏರಿಸಿಕೊಂಡರು. ಮುಂದೆ 1992ರಲ್ಲಿ ಅದೇ ಮೈಯ ಆಧಾರದ ಮೇಲೆ, ಎಂಟು ಸಿಲಿಂಡರಿನ ಎಂಜಿನ್ ಕೂರಿಸಿ, ಎಂಜಿ ಆರ್‌ವಿ8 ಎಂಬ ಹೊಸ ಕಾರನ್ನೇ ಹೊರತಂದರು. ತಯಾರಾದ ಸುಮಾರು 2000 ಕಾರುಗಳಲ್ಲಿ ಬಹುಪಾಲು ಜಪಾನಿಗೆ ಹೋದವು. ರಿಪೇರಿಗೆಂದು ಉಳಿಸಿಕೊಂಡ ಅಚ್ಚಿನಿಂದ ಹೊಸ ಕಾರೊಂದು ಹುಟ್ಟಿದ್ದು ನನಗೆ ಎಷ್ಟು ಸಲ ಹೇಳಿದರೂ ಬೇಸರವಾಗದ ಸಂಗತಿ.

ನಮ್ಮ ದೇಶದಲ್ಲಿ ಮೈ ಬದಲಾಯಿಸುವ ಮೊದಲು ಕಾಗದಪತ್ರದ ಕಡೆ ನೋಡಬೇಕು. ಆರ್‌ಸಿಯಲ್ಲಿ ಛಾಸಿ ನಂಬರೂ ಎಂಜಿನ್ ನಂಬರೂ ಇರುತ್ತವೆ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರನ್ನು ‘ವಿಎ’ ಸರಣಿಯ ನಂಬರಿನಲ್ಲಿ ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಅದು ಮೂಲ ರೂಪದಲ್ಲಿರಬೇಕು, ಛಾಸಿ, ಮೈ ಅಥವಾ ಎಂಜಿನ್ನನ್ನು ಗಣನೀಯವಾಗಿ ಮಾರ್ಪಡಿಸಿರಬಾರದು ಎಂಬ ಷರತ್ತಿದೆ. ಬಿಡಿಭಾಗದ ಆಯ್ಕೆ ಇಲ್ಲಿ ಬರೀ ರುಚಿಯ ಮಾತಲ್ಲ. ಹಳೆಯ ಎಂಜಿನ್ ಕಿರಿಕಿರಿ ಕೊಟ್ಟಿತೆಂದು ಜಪಾನಿ ಎಂಜಿನ್ ಕೂರಿಸಿಕೊಂಡವರು ಓಟ ಪಡೆಯುತ್ತಾರೆ, ಆ ನೋಂದಣಿಯನ್ನು ಕಳೆದುಕೊಳ್ಳಬಹುದು.

ಎಂಜಿಬಿಯನ್ನು ಓಡಿಸುವವರ ಪ್ರೀತಿಯೂ ಪಾಡೂ ಕೂಡಿರುವುದು ಅದರ ಜೋಡಿ ಎಸ್‌ಯು ಕಾರ್ಬ್ಯುರೇಟರುಗಳಲ್ಲಿ. ಅಂಬಾಸಡರ್‌ನಲ್ಲಿ ಒಂದನ್ನು ಕಂಡವರಿಗೆ ಪರಿಚಯ ಹೇಳಬೇಕಿಲ್ಲ. ಗಂಟೆಯಾಕಾರದ ಅಲ್ಯುಮಿನಿಯಂ ಗೂಡಿನೊಳಗೆ ಒಂದು ಪಿಸ್ಟನ್, ಅದರ ಬುಡದಲ್ಲಿ ತುದಿಗೆ ಹೋಗುತ್ತ ಸಣ್ಣಗಾಗುವ ಸೂಜಿ. ಎಂಜಿನ್ ಹೆಚ್ಚು ಗಾಳಿ ಎಳೆದಂತೆ ಪಿಸ್ಟನ್ ಮೇಲೇಳುತ್ತದೆ, ಸೂಜಿಯೂ ಏಳುತ್ತದೆ, ಜೆಟ್ಟಿನ ಬಾಯಿ ಅಷ್ಟು ಹೆಚ್ಚು ತೆರೆದು ಪೆಟ್ರೋಲ್ ಬರುತ್ತದೆ. ಗೂಡಿನ ನೆತ್ತಿಯ ಮುಚ್ಚಳ ತಿರುಗಿಸಿ ತೆಗೆದರೆ ಒಳಗೆ ಸ್ವಲ್ಪ ತೆಳು ಎಣ್ಣೆ ಇರಬೇಕು. ಅದು ಪಿಸ್ಟನ್ ದಡಕ್ಕನೆ ಮೇಲೇಳದಂತೆ ತಡೆಯುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಕಾರು ಮುಗ್ಗರಿಸಿ ಕೆಮ್ಮಿದರೆ, ಕಾರ್ಬ್ಯುರೇಟರ್ ಬಿಚ್ಚಿಸುವ ಮೊದಲು ಈ ಎಣ್ಣೆ ನೋಡಿ. ನಾಲ್ಕು ಹನಿಯಲ್ಲಿ ಹೋಗುವ ಕಾಯಿಲೆಗೆ ಸಾವಿರಾರು ರೂಪಾಯಿ ಕೊಟ್ಟವರಿದ್ದಾರೆ.

ಎರಡು ಕಾರ್ಬ್ಯುರೇಟರ್ ಇದ್ದ ಮೇಲೆ ಎರಡೂ ಸಮನಾಗಿ ಉಸಿರಾಡಬೇಕಲ್ಲ. ಅದನ್ನು ಅಳೆಯುವ ಉಪಕರಣಗಳು ಬಂದಿವೆ. ಗೆಳೆಯರ ಶೆಡ್ಡಿನಲ್ಲಿ ನಾವು ಬಳಸಿದ್ದು ಒಂದು ಮೊಳ ರಬ್ಬರ್ ಪೈಪು. ಒಂದು ತುದಿ ಕಿವಿಯಲ್ಲಿ, ಇನ್ನೊಂದು ತುದಿ ಮುಂದಿನ ಕಾರ್ಬ್ಯುರೇಟರಿನ ಬಾಯಲ್ಲಿ. ಆಮೇಲೆ ಹಿಂದಿನದರ ಬಾಯಲ್ಲಿ. ಹಾವು ಬುಸುಗುಟ್ಟಿದಂಥ ಸದ್ದು ಎರಡರಲ್ಲೂ ಒಂದೇ ಶ್ರುತಿಗೆ ಬರುವ ತನಕ ಸ್ಕ್ರೂ ತಿರುಗಿಸುತ್ತ ಹೋದೆವು. ನಂತರ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ ನೋಡುವುದು. ಎಂಜಿನ್ ಒಂದು ಕ್ಷಣ ಜೋರಾಗಿ ಮತ್ತೆ ಶಾಂತವಾದರೆ ಮಿಶ್ರಣ ಸರಿ. ಜೋರಾಗಿಯೇ ಉಳಿದರೆ ಪೆಟ್ರೋಲ್ ಹೆಚ್ಚು, ನಿಲ್ಲಲು ಹೋದರೆ ಕಡಿಮೆ. ಆ ದಿನ ಬೆಳಗ್ಗೆ ಹತ್ತಕ್ಕೆ ಕೂತವರು ಊಟ ಮರೆತು ಮೂರು ಗಂಟೆಗೆ ಎದ್ದೆವು. ಕೊನೆಯಲ್ಲಿ ಎಂಜಿನ್ನಿನ ಮೇಲೆ ನೀರು ತುಂಬಿದ ಲೋಟ ಇಟ್ಟಾಗ ಒಳಗೆ ಎದ್ದ ಅಲೆ ತೀರ ಸಣ್ಣದಾಗಿತ್ತು.

ಬಿಡಿಭಾಗ ಸಿಗುತ್ತದೆ ಎಂಬುದೇನೋ ನಿಜ, ಸಿಕ್ಕಿದ್ದೆಲ್ಲ ಒಳ್ಳೆಯದಲ್ಲ. ಈ ಕಾರುಗಳ ಹಳೆಯ ಮಾಲೀಕರು ತಯಾರಾದ ಕಾಲದಲ್ಲೇ ಪೊಟ್ಟಣದಲ್ಲಿ ಉಳಿದುಹೋದ ಮೂಲ ಭಾಗಗಳಿಗಾಗಿ ಹಂಬಲಿಸುವುದು ಬರೀ ಹಳತರ ಮೋಹವಲ್ಲ. ಡಿಸ್ಟ್ರಿಬ್ಯೂಟರ್ ಒಳಗಿನ ರೋಟರ್, ಕಂಡೆನ್ಸರ್‌ಗಳನ್ನೇ ತೆಗೆದುಕೊಳ್ಳಿ. ಇವತ್ತು ಅಗ್ಗಕ್ಕೆ ತಯಾರಾಗುವ ನಕಲುಗಳಲ್ಲಿ ಕೆಲವು ಬಿಸಿಯಾದ ಕೂಡಲೇ ಕೈಕೊಡುತ್ತವೆ. ಕಾರು ಮನೆಯಿಂದ ಚೆನ್ನಾಗಿ ಹೊರಟು, ಎಂಜಿನ್ ಕಾದ ಮೇಲೆ ರಸ್ತೆ ಮಧ್ಯೆ ನಿಲ್ಲುತ್ತದೆ. ಅರ್ಧ ಗಂಟೆ ತಣಿದರೆ ಮತ್ತೆ ಹೊರಡುತ್ತದೆ. ಜನ ಪೆಟ್ರೋಲ್ ಪಂಪನ್ನು ಬೈಯುತ್ತಾರೆ, ದೋಷ ಬೆರಳುಗಾತ್ರದ ಕಂಡೆನ್ಸರಿನಲ್ಲಿರುತ್ತದೆ. ಓಡುತ್ತಿದ್ದ ಹಳೆಯ ಭಾಗವನ್ನು ಹೊಸತು ಹಾಕಿದ ದಿನವೇ ಗುಜರಿಗೆ ಎಸೆಯಬೇಡಿ. ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿಡಿ. ರಬ್ಬರಿನ ವಿಷಯದಲ್ಲಿ ಮಾತ್ರ ಈ ಮಾತು ತಿರುವುಮುರುವು: ಬ್ರೇಕ್ ಹೋಸ್, ಸೀಲ್‌ಗಳು ಎಷ್ಟು ಅಸಲಿಯಾದರೂ 40 ವರ್ಷ ಕಪಾಟಿನಲ್ಲಿ ಕೂತಿದ್ದರೆ ಮುಟ್ಟಬೇಡಿ.

ಪೆಟ್ರೋಲಿನಲ್ಲೂ ಬದಲಾವಣೆಯಾಗಿದೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 10ರವರೆಗೆ ಎಥನಾಲ್ ಇದೆ. ನಮ್ಮಲ್ಲಿ ಅದು ಶೇ 20ಕ್ಕೆ ಬಂದಿದೆ. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸಿ ಬಿರುಕುಬಿಡಿಸುತ್ತದೆ. ಅರವತ್ತರ ದಶಕದ ಕಾರಿನ ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸುವುದು ಇಂದು ಐಚ್ಛಿಕ ಕೆಲಸವಲ್ಲ. ಬಿಸಿ ಎಕ್ಸಾಸ್ಟಿನ ಪಕ್ಕದಲ್ಲೇ ಕಾರ್ಬ್ಯುರೇಟರ್ ಕೂತಿರುವ ಎಂಜಿನ್ನಿನಲ್ಲಿ ಪೆಟ್ರೋಲ್ ಸೋರಿದರೆ ಬೆಂಕಿ.

ನಮ್ಮ ಕಾರಿಗೂ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೂ ಇರುವ ಇನ್ನೊಂದು ನಂಟನ್ನು ಹೇಳದೆ ಹೋದರೆ ಮದರಾಸಿಗೆ ಅನ್ಯಾಯ. ಅರವತ್ತರ ದಶಕದಲ್ಲಿ ಅಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್‌ನ ನಮ್ಮ ರೂಪ. ಅದೇ ಹೆರಾಲ್ಡ್‌ನ ಬುಡದಿಂದ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಎದ್ದಿತು. ಇಟಲಿಯ ಜೊವಾನ್ನಿ ಮಿಕೆಲೊಟ್ಟಿ ಇವೆರಡಕ್ಕೂ ರೂಪ ಕೊಟ್ಟವರು. ಈ ಎರಡರ ಮುಂದಿನ ಚಕ್ರದ ಬುಡದಲ್ಲೂ ಟ್ರನಿಯನ್ ಎಂಬ ಹಿತ್ತಾಳೆ ಬಣ್ಣದ ತುಂಡಿದೆ. ಚಕ್ರ ತಿರುಗಿಸಿದಾಗ ನೆಟ್ಟನೆಯ ಉಕ್ಕಿನ ಕಂಬ ಅದರೊಳಗೆ ಮರೆಯ ಮೇಲೆ ತಿರುಗುತ್ತದೆ. ಅದಕ್ಕೆ ಹಾಕಬೇಕಾದದ್ದು ಗೇರ್ ಎಣ್ಣೆ. ಗ್ರೀಸ್ ನಿಪ್ಪಲ್ ಕಂಡ ಕೂಡಲೇ ಗ್ರೀಸ್ ಗನ್ ಒತ್ತುವುದು ಗ್ಯಾರೇಜಿನ ರೂಢಿ. ಗ್ರೀಸ್ ಅಲ್ಲಿ ಗಟ್ಟಿಯಾಗಿ ಕೂತು ಎಣ್ಣೆಯ ದಾರಿ ಮುಚ್ಚುತ್ತದೆ, ನೀರು ಸೇರಿ ಕಂಬ ಸವೆಯುತ್ತದೆ, ಒಂದು ದಿನ ತುಂಡಾಗಿ ಚಕ್ರ ಮಡಚಿ ಬೀಳುತ್ತದೆ. ಹೆರಾಲ್ಡ್ ಓಡಿಸಿದ ಹಿರಿಯರು ಮನೆಯಲ್ಲಿದ್ದರೆ ಕೇಳಿ ನೋಡಿ, ಚಕ್ರ ಮಡಚಿದ ಕಥೆ ಒಂದಾದರೂ ಸಿಕ್ಕೀತು. ಕಾರಣ ಇದು.

ಅಪರೂಪದ ಕಾರಿನ ಪಾಡು ಬೇರೆ. ಪೋರ್ಶೆ 959 ಎಂಬ ಕಾರು ಎಂಬತ್ತರ ದಶಕದಲ್ಲಿ 292 ಮಾತ್ರ ತಯಾರಾಯಿತು. ಅದರ ಕ್ಲಚ್ಚಿನ ಒಂದು ಲೀವರ್ ದಾಸ್ತಾನು ಮುಗಿದಾಗ, ಅಷ್ಟು ಕಾರಿಗಾಗಿ ಅಚ್ಚು ಮಾಡಿಸುವುದು ಗಿಟ್ಟದ ಕೆಲಸ. ಪೋರ್ಶೆಯವರು ಉಕ್ಕಿನ ಪುಡಿಯನ್ನು ಲೇಸರಿನಲ್ಲಿ ಪದರಪದರವಾಗಿ ಕರಗಿಸಿ ಆ ಲೀವರನ್ನು ಮುದ್ರಿಸಿದರು. ಮಾಜ್ದಾ ತನ್ನ ಮೊದಲ ತಲೆಮಾರಿನ ರೋಡ್‌ಸ್ಟರ್‌ಗೆ ಬಟ್ಟೆಯ ಟಾಪು, ಮರದ ಸ್ಟೀರಿಂಗ್, ಹಳೆಯ ವಿನ್ಯಾಸದ ಟೈರುಗಳನ್ನು ಮತ್ತೆ ಮಾಡಿಸಿ, ಜಪಾನಿನಲ್ಲಿ ಕಾರುಗಳನ್ನು ತಾನೇ ದುರಸ್ತಿಗೆ ತೆಗೆದುಕೊಂಡಿದೆ. ತಯಾರಕರೇ ಮನಸ್ಸು ಮಾಡಿದರೆ ಹೀಗೂ ಆಗುತ್ತದೆ. ಆದರೆ ಕಬ್ಬಿಣ, ಬಟ್ಟೆ, ಮರವನ್ನು ಮತ್ತೆ ಮಾಡಬಹುದು. ಇವತ್ತಿನ ಸ್ಪೋರ್ಟ್ಸ್ ಕಾರಿನ ಎಂಜಿನ್ನನ್ನೂ ಗೇರನ್ನೂ ಬ್ರೇಕನ್ನೂ ಆಳುತ್ತಿರುವುದು ಒಳಗಿನ ಕಂಪ್ಯೂಟರ್ ಪೆಟ್ಟಿಗೆಗಳು. ಅವುಗಳ ತಂತ್ರಾಂಶದ ಬೀಗದ ಕೈ ಕಂಪನಿಯ ಬಳಿ ಇದೆ. ಆ ಪೆಟ್ಟಿಗೆ 30 ವರ್ಷದ ಮೇಲೆ ಕೆಟ್ಟರೆ ಯಾವ ಲೇತ್ ಅಂಗಡಿಯೂ ಅದನ್ನು ತಿರುವಿ ಕೊಡಲಾರದು. ನಮ್ಮ ಕೇಂದ್ರ ಸರ್ಕಾರ 2022ರಲ್ಲಿ ‘ರಿಪೇರಿಯ ಹಕ್ಕು’ ಎಂಬ ವಿಚಾರಕ್ಕೆ ಸಮಿತಿ ರಚಿಸಿ, ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಅದು ಬರೀ ಬಿಡಿಭಾಗದ ಬೆಲೆಪಟ್ಟಿಯಲ್ಲಿ ನಿಲ್ಲಬಾರದು. ನಕ್ಷೆ, ಕೈಪಿಡಿ, ದೋಷ ಪತ್ತೆಯ ತಂತ್ರಾಂಶ ಇವು ಹೊರಗಿನ ಮೇಸ್ತ್ರಿಗೂ ಸಿಗಬೇಕು. ಎಂಜಿಬಿಯ ವರ್ಕ್‌ಶಾಪ್ ಕೈಪಿಡಿಯನ್ನು ಇಂದಿಗೂ ಯಾರು ಬೇಕಾದರೂ ಕೊಳ್ಳಬಹುದು. ಟ್ಯಾಪೆಟ್ಟಿನ ಸಂದು ಇಂಚಿನ ಸಾವಿರ ಭಾಗಗಳಲ್ಲಿ 15 ಎಂಬುದರಿಂದ ಹಿಡಿದು ಪ್ರತಿ ಬೋಲ್ಟಿನ ಬಿಗಿಯವರೆಗೆ ಅದರಲ್ಲಿದೆ. ಈ ಕಾರು ಉಳಿದದ್ದರಲ್ಲಿ ಆ ಪುಸ್ತಕದ ಪಾಲು ಅಚ್ಚುಗಳ ಪಾಲಿನಷ್ಟೇ ದೊಡ್ಡದು.

ಧರ್ಮಸ್ಥಳದ ‘ಮಂಜೂಷಾ’ ಮ್ಯೂಸಿಯಮ್ಮಿನಲ್ಲೋ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಮ್ಯೂಸಿಯಮ್ಮಿನಲ್ಲೋ ಹಳೆಯ ಕಾರುಗಳ ಮುಂದೆ ನಿಂತು ಬಂದ ಓದುಗರು, ಮನೆಯಲ್ಲೂ ಅಂಥದ್ದೊಂದು ಇದ್ದರೆ ಹೀಗೆಯೇ ಹೊದಿಸಿ ನಿಲ್ಲಿಸಿಬಿಡೋಣ ಎಂದುಕೊಳ್ಳುವುದುಂಟು. ಮ್ಯೂಸಿಯಮ್ಮಿಗೆ ಅದಕ್ಕೆಂದೇ ಜನ ಇರುತ್ತಾರೆ. ಮನೆಯಲ್ಲಿ ನಿಂತ ಕಾರಿನ ಬ್ರೇಕ್ ಸಿಲಿಂಡರ್ ಹಿಡಿದುಕೊಳ್ಳುತ್ತದೆ, ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ, ಪೆಟ್ರೋಲ್ ಆರಿ ಜೆಟ್ಟಿನಲ್ಲಿ ಅಂಟಾಗುತ್ತದೆ. ಗೆಳೆಯರು ಹದಿನೈದು ದಿನಕ್ಕೊಮ್ಮೆ, ಭಾನುವಾರ ಬೆಳಗ್ಗೆ ಆರಕ್ಕೆ, ಎಂಜಿನ್ ಪೂರ್ತಿ ಕಾಯುವಷ್ಟು ದೂರ ಹೋಗಿ ಬರುತ್ತಾರೆ. ಹೊರಡುವ ಮೊದಲು ನಾಲ್ಕು ಕೆಲಸ: ಎಣ್ಣೆ ಕಡ್ಡಿ ನೋಡುವುದು, ರೇಡಿಯೇಟರಿನ ನೀರು ನೋಡುವುದು, ಸೀಟಿನ ಹಿಂದೆ ಅಡಗಿರುವ ಎರಡು ಆರು ವೋಲ್ಟಿನ ಬ್ಯಾಟರಿಗಳ ತುದಿ ಮುಟ್ಟಿ ನೋಡುವುದು, ಕಾರಿನಡಿ ಹಾಸಿದ ರಟ್ಟನ್ನು ಹೊರಗೆಳೆಯುವುದು. ರಟ್ಟಿನ ಮೇಲೆ ಎಣ್ಣೆಯ ಕಲೆ ಕಳೆದ ಸಲದಷ್ಟೇ ಇದ್ದರೆ ಚಾವಿ ತಿರುಗುತ್ತದೆ. ಕಳೆದ ಭಾನುವಾರ ಕಲೆ ಒಂದು ಕಡೆ ಹೊಸದಾಗಿ ಬಿದ್ದಿತ್ತು, ಗೇರ್‌ಬಾಕ್ಸಿನ ನೇರಕ್ಕೆ. ಅವರು ಚಾವಿಯನ್ನು ಜೇಬಿಗಿಟ್ಟು, ಜ್ಯಾಕ್ ತರಲು ಒಳಗೆ ಹೋದರು.